ಹುಳ ಔಷಧಿಗೆ ಒಗ್ಗಿಕೊಳ್ಳುವುದಿಲ್ಲ

ಪ್ರಶ್ನೆ: ಮಗಳು ಸಿಬಿಎಸ್‌ಇ ಶಾಲೆಯಲ್ಲಿ ಹತ್ತನೇ ತರಗತಿ. ಪಿಯುಸಿಯಲ್ಲಿ ಜೀವಶಾಸ್ತ್ರ ತಗೊಂಡು ನೀಟ್ ಬರೆಯುವ ಆಸೆ. ಆದರೆ ಅವಳ ಪುಸ್ತಕದಲ್ಲಿ ಈಗ ಜೀವವಿಕಾಸದ ಪಾಠವೇ ಇಲ್ಲ. ಮೊಬೈಲಿನಲ್ಲಿ ಏನೇನೋ ನೋಡಿ ನನ್ನನ್ನು ಕೇಳುತ್ತಾಳೆ: "ಮಂಗನಿಂದ ಮಾನವ ಆಗಿದ್ದರೆ, ಈಗಿರುವ ಮಂಗಗಳು ಯಾಕೆ ಮನುಷ್ಯ ಆಗ್ತಿಲ್ಲ?" ನಮ್ಮ ಮಾವನವರು, "ಅದೆಲ್ಲ ಬರೀ ಥಿಯರಿ, ದಶಾವತಾರದಲ್ಲೇ ಎಲ್ಲ ಇದೆ" ಅಂತ ಗದರುತ್ತಾರೆ. ನಮ್ಮ ಯಜಮಾನರು ಎಲೆಕೋಸು ಬೆಳೆಯುತ್ತಾರೆ. ಅವರು, "ಕೋಸಿನ ಹುಳ ಔಷಧಿಗೆ ಒಗ್ಗಿಕೊಂಡಿದೆ ನೋಡು, ಅದೇ ವಿಕಾಸ" ಅಂದರು. ಮೂವರಲ್ಲಿ ಯಾರು ಸರಿ? ನಾನು ಎಸ್ಸೆಸ್ಸೆಲ್ಸಿ ಮಾತ್ರ ಓದಿದವಳು. ಅವಳಿಗೆ ಹೇಗೆ ಹೇಳಿಕೊಡಲಿ?
(ಮಾಲೂರು ತಾಲ್ಲೂಕಿನ ಒಬ್ಬ ತಾಯಿ)

ಉತ್ತರ: ನಿಮ್ಮ ಯಜಮಾನರು ಮುಕ್ಕಾಲು ಪಾಲು ಸರಿ. ಅವರ ಮಾತಿನಲ್ಲಿ ತಪ್ಪಿರುವುದು ಒಂದೇ ಪದ, ‘ಒಗ್ಗಿಕೊಂಡಿದೆ’. ಆ ಪದವನ್ನು ಸರಿ ಮಾಡಿಕೊಂಡರೆ ಮಗಳ ಪ್ರಶ್ನೆಗೂ ದಾರಿ ಸಿಗುತ್ತದೆ. ಹಾಗಾಗಿ ಮಂಗನನ್ನು ಸ್ವಲ್ಪ ಹೊತ್ತು ಮರದ ಮೇಲೇ ಬಿಟ್ಟು, ಮೊದಲು ನಿಮ್ಮ ಕೋಸಿನ ತೋಟಕ್ಕೆ ಹೋಗೋಣ. ಕೀಟಶಾಸ್ತ್ರ ನನ್ನ ಕಸುಬು. ಇಪ್ಪತ್ತು ವರ್ಷ ಕೋಸಿನ ಹುಳ ಸಾಕಿದ್ದೇನೆ, ಮನೆಯವರ ಬೈಗುಳವನ್ನೂ ತಿಂದಿದ್ದೇನೆ.

ಅದಕ್ಕೂ ಮೊದಲು ಒಂದು ಸಮಾಧಾನ. ಪಾಠ ಕೈಬಿಟ್ಟಿರುವುದು ನಿಜ. 2023ರ ಮುದ್ರಣದಲ್ಲಿ, ಪಠ್ಯಪುಸ್ತಕ ತಯಾರಿಸುವ ಎನ್‌ಸಿಇಆರ್‌ಟಿ ಹತ್ತನೇ ತರಗತಿಯ ‘ಅನುವಂಶೀಯತೆ ಮತ್ತು ಜೀವವಿಕಾಸ’ ಅಧ್ಯಾಯದಿಂದ ಜೀವವಿಕಾಸದ ಭಾಗ ತೆಗೆದು, ‘ಅನುವಂಶೀಯತೆ’ ಮಾತ್ರ ಉಳಿಸಿತು. ನನ್ನನ್ನು ಕೇಳಿದರೆ ಅದು ತಪ್ಪು ನಿರ್ಧಾರ. ಹತ್ತರ ನಂತರ ಜೀವಶಾಸ್ತ್ರ ಬಿಡುವ ಮಕ್ಕಳಿಗೆ ಇದನ್ನು ಓದುವ ಅವಕಾಶ ಮತ್ತೆ ಸಿಗುವುದಿಲ್ಲ. ಆದರೆ ನಿಮ್ಮ ಮಗಳಿಗೆ ಸಿಗುತ್ತದೆ. ಹನ್ನೆರಡನೇ ತರಗತಿಯ ಪುಸ್ತಕದಲ್ಲಿ ಪೂರ್ತಿ ಅಧ್ಯಾಯ ಇದೆ, ನೀಟ್‌ಗೂ ಅದು ಬೇಕು. ಅಲ್ಲಿಯವರೆಗೆ ಅವಳ ತಲೆಯಲ್ಲಿ ತಪ್ಪು ಚಿತ್ರ ಕೂರದಿದ್ದರೆ ಸಾಕು. ಅಷ್ಟಕ್ಕೆ ನಿಮ್ಮ ಎಸ್ಸೆಸ್ಸೆಲ್ಸಿ ಜಾಸ್ತಿಯೇ ಆಯಿತು.

ಈಗ ಹುಳದ ವಿಷಯ. ಎಲೆಯ ಅಡಿಯಲ್ಲಿ ತಿಳಿ ಹಸಿರು ಬಣ್ಣದ, ಸುಮಾರು ಒಂದು ಸೆಂಟಿಮೀಟರ್ ಉದ್ದದ ಹುಳ ನೋಡಿರುತ್ತೀರಿ. ಕಡ್ಡಿ ತಾಗಿಸಿದರೆ ವಿಲವಿಲ ಒದ್ದಾಡುತ್ತಾ ಹಿಂದಕ್ಕೆ ಸರಿದು, ನೂಲು ಬಿಟ್ಟುಕೊಂಡು ಎಲೆಯಿಂದ ಜೋತು ಬೀಳುತ್ತದೆ. ಎಲೆಯನ್ನು ಅಡಿಯಿಂದ ಕೆರೆದು ತಿಂದು ಮೇಲಿನ ತೆಳು ಪೊರೆ ಮಾತ್ರ ಉಳಿಸುತ್ತದೆ, ಬೆಳಕಿಗೆ ಹಿಡಿದರೆ ಪುಟ್ಟ ಪುಟ್ಟ ಕಿಟಕಿಗಳು. ಅದು ಪತಂಗವಾಗಿ ರೆಕ್ಕೆ ಮಡಿಸಿ ಕೂತಾಗ ಬೆನ್ನಿನ ಮೇಲೆ ವಜ್ರದಾಕಾರ ಕಾಣುತ್ತದೆ. ಅದಕ್ಕೇ ವಜ್ರಬೆನ್ನಿನ ಪತಂಗ ಅನ್ನುವ ಹೆಸರು. ಔಷಧಿ ಅಂಗಡಿಯವರ ಬಾಯಲ್ಲಿ ಡಿಬಿಎಂ. ಔಷಧಿಗೆ ಬಗ್ಗದ ಹುಳಗಳಲ್ಲಿ ಇದಕ್ಕೆ ದೊಡ್ಡ ಹೆಸರು. 1953ರಲ್ಲೇ ಜಾವಾ ದ್ವೀಪದಲ್ಲಿ ಡಿಡಿಟಿಗೆ ಜಗ್ಗದ ಡಿಬಿಎಂ ಕಂಡಿತ್ತು. ಆಮೇಲೆ ಬಂದ ಔಷಧಿಗಳಲ್ಲೂ ಇದು ಸೋಲಿಸದೆ ಬಿಟ್ಟದ್ದು ಕಡಿಮೆ.

ಇದನ್ನು ನಾವು ಪರೀಕ್ಷೆ ಮಾಡುವುದು ಸುಲಭ. ಕೋಸಿನ ಎಲೆಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಔಷಧಿ ಬೆರೆಸಿದ ನೀರಲ್ಲಿ ಅದ್ದಿ, ಗಾಳಿಗೆ ಆರಿಸುತ್ತೇವೆ. ಡಬ್ಬಿಗೊಂದು ಬಿಲ್ಲೆ, ಹತ್ತು ಹುಳ. ಎರಡು ದಿನ ಬಿಟ್ಟು ಸಣ್ಣ ಕುಂಚದಿಂದ ಒಂದೊಂದನ್ನೇ ಮುಟ್ಟಿ ನೋಡುತ್ತೇವೆ. ಅಲ್ಲಾಡಿದ್ದು ಬದುಕಿದ್ದು, ಅಲ್ಲಾಡದ್ದು ಸತ್ತಿದ್ದು. ಬದುಕಿದವನ್ನು ಬೇರೆ ಮಾಡಿ ಔಷಧಿ ಸೋಕದ ಎಲೆ ಕೊಟ್ಟು ಸಾಕುತ್ತೇವೆ. ಅವು ಪತಂಗವಾಗಿ, ಮೊಟ್ಟೆಯಿಟ್ಟು, ಮರಿ ಹುಳ ಹೊರಬರುತ್ತವೆ. ಈ ಮರಿಗಳು ಹುಟ್ಟಿದ ಮೇಲೆ ಔಷಧಿಯ ವಾಸನೆಯನ್ನೂ ಕಂಡಿಲ್ಲ. ಆದರೂ ಔಷಧಿ ಎಲೆಯ ಮೇಲೆ ಬಿಟ್ಟರೆ ಅವುಗಳಲ್ಲಿ ಬದುಕುವವು ಅಪ್ಪ-ಅಮ್ಮನ ಕಾಲಕ್ಕಿಂತ ಜಾಸ್ತಿ.

ಒಗ್ಗಿಕೊಳ್ಳುವುದು ಅಂದರೆ ಏನು? ಮೊದಲು ಕಷ್ಟವಾಗಿದ್ದು ದಿನಾ ಮಾಡಿ ಮಾಡಿ ಸಲೀಸಾಗುವುದು. ಖಾರ ಒಗ್ಗುತ್ತದೆ, ಚಳಿ ಒಗ್ಗುತ್ತದೆ. ಈ ಮರಿಗಳು ಯಾವುದಕ್ಕೆ ಒಗ್ಗಿಕೊಂಡವು? ಅವು ಔಷಧಿಯನ್ನೇ ಕಂಡಿರಲಿಲ್ಲ.

ಆಗಿದ್ದು ಇಷ್ಟು. ಹುಳಗಳೆಲ್ಲ ಒಂದೇ ಅಚ್ಚಿನವಲ್ಲ. ಸಾವಿರದಲ್ಲಿ ಎಲ್ಲೋ ಕೆಲವಕ್ಕೆ ವಿಷವನ್ನು ಬೇಗ ಒಡೆದುಹಾಕುವ ಶಕ್ತಿ ಹುಟ್ಟಿನಿಂದಲೇ ಇರುತ್ತದೆ. ಇನ್ನು ಕೆಲವದರಲ್ಲಿ ವಿಷ ಹೋಗಿ ಹಿಡಿಯಬೇಕಾದ ಜಾಗದ ಆಕಾರವೇ ಚೂರು ಬೇರೆ. ಔಷಧಿ ಹೊಡೆದಾಗ ಉಳಿದವು ಸಾಯುತ್ತವೆ, ಇವು ಉಳಿದು ಮೊಟ್ಟೆ ಇಡುತ್ತವೆ.

ಮಗಳನ್ನು ಕೂರಿಸಿಕೊಂಡು ಒಂದು ಲೆಕ್ಕ ಮಾಡಿ. ಇದು ಅರ್ಥವಾಗಲಿ ಅಂತ ನಾನೇ ಕಟ್ಟಿದ ಲೆಕ್ಕ. ತೋಟದಲ್ಲಿ 1000 ಹುಳ, ಅದರಲ್ಲಿ ಗಟ್ಟಿ ಹುಳ 10. ಔಷಧಿ ಹೊಡೆದರೆ ಸಾಮಾನ್ಯ ಹುಳ ನೂರಕ್ಕೆ 10 ಉಳಿಯುತ್ತವೆ, ಗಟ್ಟಿ ಹುಳ ನೂರಕ್ಕೆ 90. ಮೊದಲ ಸಲ ಹೊಡೆದ ಮೇಲೆ ಸಾಮಾನ್ಯದ್ದು 99, ಗಟ್ಟಿಯದ್ದು 9. ಅಂದರೆ ಗಟ್ಟಿಯವರ ಪಾಲು ನೂರಕ್ಕೆ ಒಂದರಿಂದ ಎಂಟಕ್ಕೆ ಏರಿತು. ಅವು ಮರಿ ಹಾಕಿ ಮತ್ತೆ 1000 ಆದವು, ಅದೇ ಪಾಲಿನಲ್ಲಿ. ಎರಡನೇ ಸಲ ಹೊಡೆದರೆ ಪಾಲು ನೂರಕ್ಕೆ 45. ಮೂರನೇ ಸಲಕ್ಕೆ 88. ನಿಜವಾದ ತೋಟದಲ್ಲಿ ಎರಡು ಬಗೆಯವೂ ಬೆರೆತು ಮರಿ ಹಾಕುವುದರಿಂದ ಲೆಕ್ಕ ಇಷ್ಟು ನೇರ ಇರುವುದಿಲ್ಲ, ಆದರೆ ಹೋಗುವ ದಿಕ್ಕು ಇದೇ. ಬೆಚ್ಚಗಿನ ಹವೆಯಲ್ಲಿ ಈ ಪತಂಗಕ್ಕೆ ಮೊಟ್ಟೆಯಿಂದ ಮೊಟ್ಟೆಗೆ ಎರಡು ಮೂರು ವಾರ ಸಾಕು. ಒಂದು ಕೋಸಿನ ಬೆಳೆ ಮುಗಿಯುವುದರೊಳಗೆ ಕೆಲವು ತಲೆಮಾರು ಕಳೆದಿರುತ್ತವೆ.

ಲೆಕ್ಕ ಮುಗಿದ ಮೇಲೆ ಅವಳನ್ನು ಕೇಳಿ: "ಇದರಲ್ಲಿ ಯಾವ ಹುಳ ಬದಲಾಯಿತು?" ಒಂದೂ ಇಲ್ಲ. ಸಾಮಾನ್ಯ ಹುಳ ಸಾಮಾನ್ಯವಾಗೇ ಸತ್ತಿತು, ಗಟ್ಟಿ ಹುಳ ಹುಟ್ಟುವಾಗಲೇ ಗಟ್ಟಿ. ಬದಲಾಗಿದ್ದು ತೋಟದಲ್ಲಿ ಯಾರು ಎಷ್ಟು ಮಂದಿ ಅನ್ನುವ ಲೆಕ್ಕ. ಜೀವವಿಕಾಸ ಅಂದರೆ ತಲೆಮಾರಿನಿಂದ ತಲೆಮಾರಿಗೆ ಆಗುವ ಈ ಲೆಕ್ಕದ ಬದಲಾವಣೆ. ಅದು ಗುಂಪಿಗೆ ಆಗುತ್ತದೆ, ಒಂದು ಪ್ರಾಣಿಯ ಜೀವಮಾನದಲ್ಲಿ ಆಗುವುದಲ್ಲ.

"ಔಷಧಿಯೇ ಅವನ್ನು ಗಟ್ಟಿ ಮಾಡಿರಬಹುದಲ್ವಾ?" ಅಂತ ಜಾಣ ಮಕ್ಕಳು ಕೇಳುತ್ತಾರೆ. ಕೇಳಬೇಕು. ಜೋಶುವಾ ಮತ್ತು ಎಸ್ತರ್ ಲೆಡರ್‌ಬರ್ಗ್ ದಂಪತಿ 1952ರಲ್ಲಿ ಇದನ್ನು ಬ್ಯಾಕ್ಟೀರಿಯಾಗಳ ಮೇಲೆ ಪರೀಕ್ಷಿಸಿದರು. ತಟ್ಟೆಯಲ್ಲಿ ಬೆಳೆದ ಬ್ಯಾಕ್ಟೀರಿಯಾದ ಚುಕ್ಕೆಗಳನ್ನು ಮಖಮಲ್ ಬಟ್ಟೆಗೆ ಒತ್ತಿ, ಅದೇ ಬಟ್ಟೆಯನ್ನು ಔಷಧಿ ಇರುವ ತಟ್ಟೆಗಳ ಮೇಲೆ ಅಚ್ಚು ಹಾಕಿದರು. ಒಂದೇ ಅಚ್ಚಿನಿಂದ ಬಂದ ಬೇರೆ ಬೇರೆ ತಟ್ಟೆಗಳಲ್ಲಿ ಬದುಕಿದ ಚುಕ್ಕೆಗಳು ಒಂದೇ ಜಾಗದಲ್ಲಿದ್ದವು. ಅಂದರೆ ಔಷಧಿಯನ್ನೇ ಕಾಣದ ಮೂಲ ತಟ್ಟೆಯಲ್ಲಿ, ಆ ಜಾಗದಲ್ಲಿ, ಗಟ್ಟಿಯವು ಮೊದಲೇ ಇದ್ದವು. ಔಷಧಿ ಅವನ್ನು ಹುಟ್ಟಿಸಲಿಲ್ಲ, ಆರಿಸಿತು ಅಷ್ಟೆ. ಡಾಕ್ಟರು ಕೊಟ್ಟ ಆಂಟಿಬಯೋಟಿಕ್ ಮಾತ್ರೆಗಳನ್ನು ನಮಗಿಷ್ಟ ಬಂದಂತೆ ನುಂಗಬಾರದು ಅನ್ನುವುದರ ಹಿಂದೆಯೂ ಇದೇ ಕಥೆ.

ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ? ಪ್ರತಿ ಜೀವಿಯೂ ಮರಿ ಹಾಕುವಾಗ ತನ್ನ ಡಿಎನ್‌ಎಯನ್ನು, ಅಂದರೆ ಮೈ ಕಟ್ಟುವ ಸೂಚನೆಗಳ ಬರಹವನ್ನು, ನಕಲು ಮಾಡಿ ಕೊಡುತ್ತದೆ. ನಕಲಿನಲ್ಲಿ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತದೆ. ಎಷ್ಟೋ ತಪ್ಪುಗಳಿಂದ ಏನೂ ಆಗುವುದಿಲ್ಲ, ಕೆಲವು ಕೆಡುಕು, ಎಲ್ಲೋ ಒಂದು ಅನುಕೂಲ. ಜೀವವಿಕಾಸವನ್ನು ಹೀಗೆ ಆಯ್ಕೆಯಿಂದ ವಿವರಿಸಿದ ಡಾರ್ವಿನ್‌ಗೆ ಇದು ಗೊತ್ತಿರಲಿಲ್ಲ. ಅವನು ತನ್ನ ಪುಸ್ತಕ ಹೊರತಂದಿದ್ದು 1859ರಲ್ಲಿ. ಮೆಂಡೆಲ್ ಬಟಾಣಿ ಗಿಡಗಳ ಲೆಕ್ಕ ಪ್ರಕಟಿಸಿದ್ದು 1866ರಲ್ಲಿ, ಅದಕ್ಕೆ ಜಗತ್ತು ಕಿವಿಗೊಟ್ಟಿದ್ದು 1900ರಲ್ಲಿ. ಮಗಳ ಪುಸ್ತಕದಲ್ಲಿ ಉಳಿದಿರುವ ಅನುವಂಶೀಯತೆಯ ಪಾಠ ಅದೇ ಮೆಂಡೆಲ್‌ನದು. ಅರ್ಧ ಜೀವವಿಕಾಸ ಅವಳ ಕೈಯಲ್ಲೇ ಇದೆ ಅನ್ನಿ.

ವ್ಯತ್ಯಾಸ ಕಣ್ಣಾರೆ ಕಾಣಬೇಕಾದರೆ ಮನೆಮಂದಿಯ ಮಣಿಕಟ್ಟು ನೋಡಿ. ಅಂಗೈ ಮೇಲೆ ಮಾಡಿ, ಹೆಬ್ಬೆರಳನ್ನು ಕಿರುಬೆರಳಿಗೆ ಒತ್ತಿ, ಮಣಿಕಟ್ಟನ್ನು ತುಸು ಒಳಗೆ ಬಗ್ಗಿಸಿದರೆ ನಡುವೆ ಒಂದು ನರದಂಥದ್ದು ಎದ್ದು ನಿಲ್ಲುತ್ತದೆ. ಅದು ನರವಲ್ಲ, ಸ್ನಾಯುವಿನ ಹುರಿ. ಕೆಲವರಿಗೆ ಅದು ಇರುವುದೇ ಇಲ್ಲ, ಕೆಲವರಿಗೆ ಒಂದೇ ಕೈಯಲ್ಲಿ. ಇಲ್ಲದವರು ಬಿಂದಿಗೆ ಎತ್ತುವುದರಲ್ಲಿ ಏನೂ ಹಿಂದೆ ಬಿದ್ದಿಲ್ಲ. ನನ್ನ ಎಡಗೈಯಲ್ಲಿ ಇಲ್ಲ.

ಈಗ ಮಂಗನನ್ನು ಇಳಿಸೋಣ.

ನಿಮ್ಮ ಮಗಳಿಗೆ ದೊಡ್ಡಪ್ಪನ ಮಕ್ಕಳು ಇರಬಹುದು. ಅವಳೂ ಅವರೂ ಒಬ್ಬ ಅಜ್ಜನ ಮೊಮ್ಮಕ್ಕಳು. "ನೀನು ಹುಟ್ಟಿದ ಮೇಲೂ ನಿನ್ನ ದೊಡ್ಡಪ್ಪನ ಮಗ ಯಾಕೆ ಇನ್ನೂ ಇದ್ದಾನೆ? ಅವನು ಯಾಕೆ ನೀನಾಗಲಿಲ್ಲ?" ಅಂತ ಕೇಳಿದರೆ ಅವಳು ನಗುತ್ತಾಳೆ. ಮಂಗನ ಪ್ರಶ್ನೆಯೂ ಅದೇ. ಕೋತಿ ನಮ್ಮ ಅಜ್ಜ ಅಲ್ಲ, ದಾಯಾದಿ. ಬಹಳ ದೂರದ ದಾಯಾದಿ. ನಿಮ್ಮೂರಿನ ಕೋತಿಯ ವಂಶವೂ ನಮ್ಮ ವಂಶವೂ ಬೇರೆಯಾಗಿ ಸುಮಾರು ಎರಡೂವರೆ ಕೋಟಿ ವರ್ಷ ಆಯಿತು. ಹತ್ತಿರದ ದಾಯಾದಿ ಆಫ್ರಿಕಾದ ಚಿಂಪಾಂಜಿ. ಅದರೊಂದಿಗೆ ನಮ್ಮ ಪಾಲು ಆಗಿದ್ದು ಸುಮಾರು 60-70 ಲಕ್ಷ ವರ್ಷದ ಹಿಂದೆ. ತಲೆಮಾರಿಗೆ 25 ವರ್ಷ ಹಿಡಿದರೂ ಎರಡು ಲಕ್ಷಕ್ಕಿಂತ ಜಾಸ್ತಿ ತಲೆಮಾರು. ಆಗ ಇದ್ದ ಮೂಲಪುರುಷ ಇಂದಿನ ಚಿಂಪಾಂಜಿಯೂ ಅಲ್ಲ, ಇಂದಿನ ಮನುಷ್ಯನೂ ಅಲ್ಲ. ಪಾಲಾದ ಮೇಲೆ ಎರಡೂ ಮನೆ ತಮ್ಮ ತಮ್ಮ ದಾರಿಯಲ್ಲಿ ಬದಲಾದವು. ಕೋತಿಗಳು ಈಗಲೂ ಬದಲಾಗುತ್ತಿವೆ. ಆದರೆ ಮನುಷ್ಯನಾಗುವ ಕಡೆಗೆ ಹೋಗಬೇಕು ಅಂತ ಅವಕ್ಕೆ ಯಾವ ಹರಕೆಯೂ ಇಲ್ಲ.

ಪಾಲುಪತ್ರ ಇದೆಯಾ? ಇದೆ. ಡಿಎನ್‌ಎ ಸುತ್ತಿಕೊಂಡಿರುವ ಎಳೆಗಳಿಗೆ ಕ್ರೋಮೋಸೋಮು ಅನ್ನುತ್ತಾರೆ. ಚಿಂಪಾಂಜಿಗೆ 24 ಜೊತೆ ಕ್ರೋಮೋಸೋಮು, ನಮಗೆ 23. ಒಂದು ಜೊತೆ ಎಲ್ಲಿ ಹೋಯಿತು? ನಮ್ಮ ಎರಡನೇ ಕ್ರೋಮೋಸೋಮನ್ನು ಬಿಡಿಸಿ ಓದಿದಾಗ ಸಿಕ್ಕಿತು. ಅವರ ಎರಡು ಕ್ರೋಮೋಸೋಮು ತುದಿಗೆ ತುದಿ ಕೂಡಿಕೊಂಡ ಹಾಗಿದೆ. ತುದಿಯಲ್ಲಿ ಮಾತ್ರ ಇರಬೇಕಾದ ಅಕ್ಷರಗಳ ಸಾಲು ನಡುವೆ ಬಂದು ಕೂತಿದೆ. ಎರಡು ಹಗ್ಗ ಗಂಟು ಹಾಕಿದರೆ ಗಂಟು ಕಾಣುವುದಿಲ್ಲವೇ, ಹಾಗೆ.

‘ಮಂಗನಿಂದ ಮಾನವ’ ಅನ್ನುವ ಪ್ರಾಸವೇ ನಮಗೆ ಅರ್ಧ ತೊಂದರೆ ಕೊಟ್ಟಿದೆ. ಉಳಿದರ್ಧ ‘ವಿಕಾಸ’ ಅನ್ನುವ ಪದ ಕೊಟ್ಟಿದೆ. ವಿಕಾಸ ಅಂದರೆ ಅರಳುವುದು, ಮೇಲೇರುವುದು. ವ್ಯಕ್ತಿತ್ವ ವಿಕಾಸ ಶಿಬಿರ ಅನ್ನುತ್ತೇವಲ್ಲ. ಹಾಗಾಗಿ ಕೇಳಿದ ಕೂಡಲೇ ಕೆಳಗೆ ಮೀನು, ತುದಿಯಲ್ಲಿ ನಾವು ಇರುವ ಏಣಿ ಕಣ್ಣ ಮುಂದೆ ಬರುತ್ತದೆ. ಬಗ್ಗಿದ ಮಂಗ ಸಾಲಾಗಿ ನಡೆಯುತ್ತಾ ನೆಟ್ಟಗಾಗಿ ಮನುಷ್ಯನಾಗುವ ಆ ಚಿತ್ರವನ್ನು ಮಗಳು ಮೊಬೈಲಿನಲ್ಲಿ ಖಂಡಿತ ನೋಡಿರುತ್ತಾಳೆ. ಆ ಚಿತ್ರದಷ್ಟು ತಪ್ಪು ಕಲಿಸಿದ ಚಿತ್ರ ನನ್ನ ಪ್ರಕಾರ ಜೀವಶಾಸ್ತ್ರದಲ್ಲಿ ಇನ್ನೊಂದಿಲ್ಲ.

ಏಣಿ ಇಲ್ಲ ಅನ್ನುವುದಕ್ಕೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಶಾಂತಸಾಗರದ ಗಲಪಗೋಸ್ ದ್ವೀಪಗಳ ಫಿಂಚ್ ಹಕ್ಕಿ. ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿ 1973ರಿಂದ ಡ್ಯಾಫ್ನೆ ಮೇಜರ್ ಎಂಬ ಪುಟ್ಟ ದ್ವೀಪಕ್ಕೆ ವರ್ಷ ವರ್ಷವೂ ಹೋಗಿ, ಹಕ್ಕಿಗಳನ್ನು ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕು ಅಳೆದು ಬಿಟ್ಟರು. 1977ರಲ್ಲಿ ಬರಗಾಲ. ಮೆತ್ತಗಿನ ಸಣ್ಣ ಬೀಜ ಖಾಲಿ. ಉಳಿದಿದ್ದರಲ್ಲಿ ಹೆಚ್ಚಿನವು ಗಟ್ಟಿ ಬೀಜಗಳು, ಅದರಲ್ಲೂ ನಮ್ಮ ಹೊಲದ ನೆಗ್ಗಿಲ ಮುಳ್ಳಿನ ಕುಲದ್ದೇ ಒಂದು ಗಿಡದ ಕಾಯಿ. ಬರಿಗಾಲಲ್ಲಿ ನೆಗ್ಗಿಲು ತುಳಿದವರಿಗೆ ಅದರ ಗಟ್ಟಿತನ ಹೇಳಬೇಕಾಗಿಲ್ಲ. ಒಂದು ಜಾತಿಯ ಫಿಂಚ್‌ಗಳಲ್ಲಿ ನೂರಕ್ಕೆ ಸುಮಾರು 85 ಸತ್ತವು. ಬದುಕಿದವುಗಳ ಕೊಕ್ಕು ಸರಾಸರಿಯಲ್ಲಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ. ಅವುಗಳ ಮರಿಗಳ ಕೊಕ್ಕೂ ದಪ್ಪ. ಅರ್ಧ ಮಿಲಿಮೀಟರ್! ಸಾವು ಬದುಕಿನ ಅಂತರ ಅಷ್ಟೇ.

ಕಥೆ ಅಲ್ಲಿಗೆ ನಿಲ್ಲಲಿಲ್ಲ. 1982-83ರಲ್ಲಿ ಎಲ್ ನಿನೋದಿಂದ, ಅಂದರೆ ಶಾಂತಸಾಗರದ ನೀರು ಎಂದಿಗಿಂತ ಬಿಸಿಯಾಗಿದ್ದರಿಂದ, ಮಳೆಯೋ ಮಳೆ. ದ್ವೀಪದ ತುಂಬ ಬಳ್ಳಿ, ಸಣ್ಣ ಬೀಜ. ಮುಂದಿನ ವರ್ಷಗಳಲ್ಲಿ ಲಾಭವಾಗಿದ್ದು ಸಣ್ಣ ಕೊಕ್ಕಿನ ಹಕ್ಕಿಗಳಿಗೆ. ಈಗ ಹೇಳಿ, ದಪ್ಪ ಕೊಕ್ಕು ಮೇಲೋ, ಸಣ್ಣ ಕೊಕ್ಕು ಮೇಲೋ? ಆ ವರ್ಷದ ಮಳೆಯನ್ನೇ ಕೇಳಬೇಕು.

ಮಾವನವರ ಮಾತಿಗೆ ಬರೋಣ. ‘ಬರೀ ಥಿಯರಿ’ ಅನ್ನುವುದನ್ನು ನಾವು ‘ಬರೀ ಊಹೆ’ ಅನ್ನುವ ಅರ್ಥದಲ್ಲಿ ಹೇಳುತ್ತೇವೆ. ವಿಜ್ಞಾನದಲ್ಲಿ ಆ ಪದದ ತೂಕ ಬೇರೆ. ರೋಗಾಣುಗಳಿಂದ ಕಾಯಿಲೆ ಬರುತ್ತದೆ ಅನ್ನುವುದೂ ಥಿಯರಿಯೇ. ಹಾಗಂತ ಯಾರೂ ಕೈ ತೊಳೆಯದೆ ಹೆರಿಗೆ ಮಾಡಿಸುವುದಿಲ್ಲ. ಎಷ್ಟೋ ಕಡೆಯಿಂದ ಸಾಕ್ಷಿ ಕೂಡಿಬಂದು ನಿಂತ ವಿವರಣೆಗೆ ಆ ಹೆಸರು. ನಮ್ಮ ಪಶ್ಚಿಮ ಘಟ್ಟದ್ದೇ ಒಂದು ಸಾಕ್ಷಿ ಹೇಳುತ್ತೇನೆ. ಕೇರಳದ ಇಡುಕ್ಕಿಯಲ್ಲಿ ಸಿಕ್ಕ, ವರ್ಷದ ಬಹುಪಾಲು ಮಣ್ಣೊಳಗೇ ಇರುವ ನೇರಳೆ ಕಪ್ಪೆಯನ್ನು 2003ರಲ್ಲಿ ಹೊಸ ಜಾತಿ ಎಂದು ವಿವರಿಸಿದರು. ಅದರ ಹತ್ತಿರದ ನೆಂಟರು ಸಿಕ್ಕಿದ್ದು ಪಕ್ಕದ ಜಿಲ್ಲೆಯಲ್ಲಲ್ಲ, ಸಮುದ್ರದಾಚೆಯ ಸೇಶಲ್ಸ್ ದ್ವೀಪದಲ್ಲಿ. ಕಪ್ಪೆ ಉಪ್ಪುನೀರಲ್ಲಿ ಅಷ್ಟು ದೂರ ಈಜುವುದಿಲ್ಲ. ಆದರೆ ಭಾರತವೂ ಸೇಶಲ್ಸೂ ಒಂದು ಕಾಲಕ್ಕೆ ಒಂದೇ ನೆಲ, ಆಮೇಲೆ ಬೇರೆಯಾದವು ಎಂದು ಭೂವಿಜ್ಞಾನಿಗಳು ತಮ್ಮದೇ ದಾರಿಯಿಂದ ಕಂಡುಕೊಂಡಿದ್ದರು. ಕಪ್ಪೆಯ ವಂಶಾವಳಿಯೂ ಕಲ್ಲಿನ ಲೆಕ್ಕವೂ ಒಂದಕ್ಕೊಂದು ತಾಳೆಯಾಯಿತು.

ದಶಾವತಾರದ ವಿಷಯದಲ್ಲಿ ನಾನು ಜಗಳಕ್ಕೆ ಹೋಗುವುದಿಲ್ಲ. ಮತ್ಸ್ಯ, ಕೂರ್ಮ, ವರಾಹ ಅಂತ ನೀರಿನಿಂದ ನೆಲಕ್ಕೆ ಬರುವ ಕ್ರಮ ನೋಡಿದರೆ ಯಾರಿಗಾದರೂ ಹಾಗೆ ಅನ್ನಿಸುತ್ತದೆ. ಆದರೆ ಅಲ್ಲಿ ಭಗವಂತ ಒಬ್ಬನೇ, ರೂಪ ಬೇರೆ ಬೇರೆ. ಆಮೆಯ ಸಂತತಿ ಹಂದಿಯಾಯಿತು ಅಂತ ಆ ಕಥೆ ಹೇಳುವುದಿಲ್ಲ, ಹೇಳುವ ಉದ್ದೇಶವೂ ಅದಕ್ಕಿಲ್ಲ. ಧರ್ಮ ಕಾಯಲು ಬಂದ ಕಥೆಯಿಂದ ಕೊಕ್ಕಿನ ಅಳತೆ ಕೇಳಿದರೆ ಕಥೆಗೂ ಅನ್ಯಾಯ. ಜೊತೆಗೆ ಅದೂ ಏಣಿಯ ಚಿತ್ರವನ್ನೇ ಕೊಡುತ್ತದೆ, ಪರೀಕ್ಷೆಯಲ್ಲಿ ಮಗಳು ಎಡವುವುದು ಅಲ್ಲೇ. ಎರಡೂ ಬೇರೆ ಬೇರೆ ಪ್ರಶ್ನೆಗಳ ಉತ್ತರ ಅಂತ ಅವಳಿಗೆ ತಣ್ಣಗೆ ಹೇಳಿ. ಮಾವನವರ ಎದುರು ಅವಳನ್ನು ವಾದಕ್ಕೆ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದ ಮನೆಗಳಲ್ಲಿ ಮಕ್ಕಳು ವಿಷಯ ಬಿಟ್ಟು ಗೆಲ್ಲುವುದನ್ನು ಮಾತ್ರ ಕಲಿತಿದ್ದನ್ನು ನೋಡಿದ್ದೇನೆ.

ಹೇಗೆ ಹೇಳಿಕೊಡುವುದು ಅಂತ ಕೇಳಿದಿರಿ. ಮೊದಲು ಕಾಳಿನ ಆಟ ಆಡಿಸಿ. ಅಂಗಳದ ಕೆಂಪು ಮಣ್ಣಿನ ಮೇಲೆ 20 ಹುರುಳಿಕಾಳು, 20 ಅಕ್ಕಿಕಾಳು ಚೆಲ್ಲಿ. ಅವಳು ಹಕ್ಕಿ. 15 ಸೆಕೆಂಡಿನಲ್ಲಿ ಕಣ್ಣಿಗೆ ಬಿದ್ದಿದ್ದನ್ನು ಒಂದೊಂದೇ ಹೆಕ್ಕಬೇಕು. ಉಳಿದಿದ್ದನ್ನು ಎಣಿಸಿ, ಪ್ರತಿ ಕಾಳಿಗೂ ಅದೇ ಜಾತಿಯ ಒಂದು ಕಾಳು ಸೇರಿಸಿ. ಅದು ಮುಂದಿನ ತಲೆಮಾರು. ನಾಲ್ಕು ಸುತ್ತಿಗೆ ಅಂಗಳ ಹೆಚ್ಚುಕಮ್ಮಿ ಹುರುಳಿಯದ್ದೇ ಆಗುತ್ತದೆ. ಈ ಆಟದಲ್ಲಿ ಒಂದು ಅಪಾಯ ಇದೆ. "ಹುರುಳಿ ಬಚ್ಚಿಟ್ಟುಕೊಳ್ಳೋದು ಕಲಿತುಬಿಡ್ತು" ಅಂತ ಮಕ್ಕಳು ಹೇಳಿಬಿಡುತ್ತಾರೆ. ಅಲ್ಲೇ ತಡೆದು ಕೇಳಿ, ಹುರುಳಿ ಏನು ಮಾಡಿತು ಅಂತ. ಏನೂ ಮಾಡಲಿಲ್ಲ, ಸುಮ್ನೆ ಬಿದ್ದಿತ್ತು. ಆಮೇಲೆ ಬಿಳಿ ಪಂಚೆ ಹಾಸಿ ಅದೇ ಆಟ ಆಡಿಸಿ, ಗೆಲ್ಲುವವರು ಬದಲಾಗುತ್ತಾರೆ.

ತೋಟದ ಹುಳ ತೋರಿಸುವುದಾದರೆ ಔಷಧಿ ಹೊಡೆದ ಎಲೆಯನ್ನು ಅವಳು ಬರಿಗೈಯಲ್ಲಿ ಮುಟ್ಟುವುದು ಬೇಡ. ಹನ್ನೆರಡನೇ ತರಗತಿಯ ಅಧ್ಯಾಯವನ್ನು ಈಗಲೇ ಓದಿಸಬಹುದು, ಆದರೆ ಅದರ ಹಾರ್ಡಿ-ವೈನ್‌ಬರ್ಗ್ ಸೂತ್ರ ಬಂದಲ್ಲಿ ಹೆದರಿ ಪುಸ್ತಕ ಮುಚ್ಚುವ ಮಕ್ಕಳೇ ಜಾಸ್ತಿ. ಸೂತ್ರ ಬಿಟ್ಟು ಉಳಿದಿದ್ದು ಓದಲಿ. ಮೊಬೈಲ್ ವಿಡಿಯೋ ನೋಡಿದರೆ, ಅದರಲ್ಲಿ ‘ಬೇಕಾಯಿತು, ಅದಕ್ಕೆ ಬೆಳೆಯಿತು’ ಅನ್ನುವ ಮಾತು ಎಷ್ಟು ಸಲ ಬಂತು ಅಂತ ಎಣಿಸಲು ಹೇಳಿ. ಎಲೆ ಎಟುಕಲಿಲ್ಲ, ಅದಕ್ಕೆ ಜಿರಾಫೆ ಕತ್ತು ಉದ್ದ ಮಾಡಿಕೊಂಡಿತು ಅನ್ನುವುದು ಮತ್ತೆ ಅದೇ ‘ಒಗ್ಗಿಕೊಂಡಿತು’.

ನಿಮ್ಮ ಯಜಮಾನರಿಗೂ ಎರಡು ಮಾತು, ಹೇಗೂ ಹುಳದ ಸುದ್ದಿ ಬಂತಲ್ಲ. ಹುಳ ಸಾಯುತ್ತಿಲ್ಲ ಅಂತ ಅದೇ ಔಷಧಿಯನ್ನು ಜಾಸ್ತಿ ಹೊಡೆದರೆ ಉಳಿಯುವುದು ಇನ್ನೂ ಗಟ್ಟಿ ಹುಳ, ಜೊತೆಗೆ ಆ ಹುಳದ ಮೈಯಲ್ಲಿ ಮೊಟ್ಟೆಯಿಡುವ ಸಣ್ಣ ಕಣಜಗಳೂ ಸಾಯುತ್ತವೆ. ಔಷಧಿ ಬದಲಿಸುವಾಗ ಡಬ್ಬಿಯ ಹೆಸರು ಬದಲಾದರೆ ಸಾಲದು, ಒಳಗಿನ ವಿಷದ ಗುಂಪು ಬದಲಾಗಬೇಕು. ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಹೇಳುತ್ತಾರೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು 25 ಸಾಲು ಕೋಸಿಗೆ ಎರಡು ಸಾಲು ಸಾಸಿವೆ ಹಾಕುವ ಉಪಾಯ ಹೇಳಿದ್ದಾರೆ. ಪತಂಗಕ್ಕೆ ಕೋಸಿಗಿಂತ ಸಾಸಿವೆ ಇಷ್ಟ, ಅಲ್ಲಿಗೇ ಹೋಗಿ ಮೊಟ್ಟೆಯಿಡುತ್ತದೆ. ಸಾಸಿವೆಯ ಸಾಲನ್ನು ನೋಡಿಕೊಂಡರೆ ಕೋಸಿಗೆ ಹೊಡೆಯುವ ಔಷಧಿ ಕಡಿಮೆಯಾಗುತ್ತದೆ, ಅಷ್ಟರಮಟ್ಟಿಗೆ ಗಟ್ಟಿ ಹುಳಗಳನ್ನು ಆರಿಸುವುದೂ ಕಡಿಮೆ.

ಸಂತೆಗೆ ಹೋದಾಗ ಮಗಳಿಗೆ ಇನ್ನೊಂದು ತೋರಿಸಿ. ಎಲೆಕೋಸು, ಹೂಕೋಸು, ಗೆಡ್ಡೆಕೋಸು ಮೂರನ್ನೂ ಪಕ್ಕಪಕ್ಕ ಇಡಿ. ಮೂರೂ ಒಂದೇ ಜಾತಿಯ ಗಿಡ. ಯೂರೋಪಿನ ಕಡಲ ದಂಡೆಯ ಒಂದು ಕಾಡುಗಿಡದಿಂದ, ಎಲೆ ಚೆನ್ನಾಗಿದ್ದಿದ್ದನ್ನು ಒಬ್ಬರು, ಕಾಂಡ ಉಬ್ಬಿದ್ದನ್ನು ಒಬ್ಬರು, ಹೂವಿನ ಮೊಗ್ಗು ಒತ್ತಾಗಿದ್ದಿದ್ದನ್ನು ಒಬ್ಬರು ಬೀಜಕ್ಕೆ ಇಟ್ಟುಕೊಳ್ಳುತ್ತಾ ಬಂದರು. ಆರಿಸಿದ್ದು ಬರವಲ್ಲ, ಔಷಧಿಯಲ್ಲ, ರೈತರ ಕೈ. ಡಾರ್ವಿನ್ ಕೂಡ ತನ್ನ ಪುಸ್ತಕವನ್ನು ಶುರು ಮಾಡಿದ್ದು ಫಿಂಚ್‌ಗಳಿಂದಲ್ಲ, ಜನ ಸಾಕಿದ ಪಾರಿವಾಳ, ಬೆಳೆದ ಗಿಡಗಳಿಂದ. ಕನ್ನಡದವರು ಮೂರಕ್ಕೂ ಕೋಸು ಅಂತಲೇ ಹೆಸರಿಟ್ಟಿದ್ದು ನನಗೆ ಖುಷಿ. ನೆಂಟಸ್ತನ ಹೆಸರಿನಲ್ಲೇ ಇದೆ.

ಇದನ್ನು ಮಾವನವರ ಎದುರಿಗೇ ತೋರಿಸಿ. ಅವರು ರಾಗಿ ಬೆಳೆದವರಾಗಿದ್ದರೆ, ಬಿತ್ತನೆಗೆ ಯಾವ ತೆನೆ ಆರಿಸಿ ಎತ್ತಿಡುತ್ತಿದ್ದರು, ಯಾವುದನ್ನು ಬೇಡ ಅನ್ನುತ್ತಿದ್ದರು ಅಂತ ಮಗಳೇ ಕೇಳಲಿ. ಕೈಯಲ್ಲಿ ನೋಟ್‌ಬುಕ್ ಇರಲಿ. ಆ ವಿಷಯದಲ್ಲಿ ಅವರು ನನಗಿಂತ ಜಾಸ್ತಿ ಹೊತ್ತು ಮಾತಾಡುತ್ತಾರೆ.